ಬಿಸಿಲು ನಾಡಿನ ಚಾರಣಕ್ಕೆ ನೀರಿನ ಚೀಲ: ಆರಿಸುವುದು ಹೇಗೆ?

ಯಾದಗಿರಿಯ ಕೋಟೆಗುಡ್ಡವನ್ನಾಗಲಿ, ಶಹಾಪುರದ ಮಲಗಿದ ಬುದ್ಧನ ಬೆಟ್ಟವನ್ನಾಗಲಿ ಹತ್ತುವವರಿಗೆ ಮೊದಲು ಬೇಕಾಗುವುದು ನೀರು. ಹೊಲಕ್ಕೆ ಹೋಗುವವರು ಹಿಂದೆ ತತ್ರಾಣಿಯನ್ನು ಹೆಗಲಿಗೆ ಹಾಕಿಕೊಳ್ಳುತ್ತಿದ್ದರು. ಇಂದಿನ ಚಾರಣಿಗರು ಹೈಡ್ರೇಷನ್ ಬ್ಲಾಡರ್ ಎಂಬ ಮೆತ್ತನೆಯ ಚೀಲವನ್ನು ಬ್ಯಾಗಿನೊಳಗೆ ಇರಿಸಿ, ಹೆಗಲ ಮೇಲಿಂದ ಇಳಿಬಿಟ್ಟ ನಳಿಕೆಯ ತುದಿಯನ್ನು ಕಚ್ಚಿ, ನಡೆಯುತ್ತಲೇ ಗುಟುಕು ಗುಟುಕಾಗಿ ಕುಡಿಯುತ್ತಾರೆ.

ಮೊದಲು ಅಳತೆಯನ್ನು ನಿರ್ಧರಿಸಬೇಕು. ಹಿತವಾದ ಹವೆಯಲ್ಲಿ ನಡೆಯುವವರಿಗೆ ತಾಸಿಗೆ ಸುಮಾರು ಅರ್ಧ ಲೀಟರ್ ನೀರು ಸಾಕಾದರೂ, ಬಿಸಿಲಿನಲ್ಲಿ ಏರು ಹತ್ತುವಾಗ ಅದು ಒಂದು ಲೀಟರಿನವರೆಗೂ ಹೋಗಬಹುದು. ಅಂಗಡಿಗಳಲ್ಲಿ ಸಾಮಾನ್ಯವಾಗಿ 1.5, 2 ಮತ್ತು 3 ಲೀಟರಿನ ಚೀಲಗಳು ಸಿಗುತ್ತವೆ. 3 ಲೀಟರಿನದನ್ನು ತುಂಬಿದರೆ ಬೆನ್ನಿಗೆ 3 ಕಿಲೋ ಭಾರವಾಗುವುದು ನಿಜ. ಆದರೂ ನಮ್ಮ ಭಾಗದವರು 3 ಲೀಟರಿನದನ್ನೇ ಕೊಳ್ಳುವುದು ಲೇಸು, ಏಕೆಂದರೆ ದೊಡ್ಡದನ್ನು ಅರ್ಧ ತುಂಬಿಕೊಳ್ಳಬಹುದು, ಚಿಕ್ಕದನ್ನು ಹಿಗ್ಗಿಸಲಾಗದು. ಅದು ನಿಮ್ಮ ಬ್ಯಾಗಿನಲ್ಲಿ ಹಿಡಿಸುವುದೇ, ನಳಿಕೆ ಹೊರಬರಲು ಕಿಂಡಿ ಇದೆಯೇ ಎಂಬುದನ್ನೂ ನೋಡಿಕೊಳ್ಳಿ.

ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದುದು ಚೀಲದ ಬಾಯಿಗೆ. ತಿರುಪಿನ ಮುಚ್ಚಳದ ಚೀಲವನ್ನು ನಳದ ಕೆಳಗೆ ಹಿಡಿದು ತುಂಬುವುದು ಸುಲಭ. ಮೇಲಂಚು ಪೂರ್ತಿ ತೆರೆದುಕೊಂಡು, ಮಡಚಿ ಪಟ್ಟಿ ಜಾರಿಸಿ ಮುಚ್ಚುವ ಚೀಲದೊಳಗಾದರೆ ಇಡೀ ಕೈ ಇಳಿಯುತ್ತದೆ. ಸವಳು ನೀರಿನ ಬಿಳಿ ಪೊರೆಯನ್ನು ಬೆರಳಿನಿಂದ ಉಜ್ಜಿ ತೆಗೆಯಲು ಎರಡನೆಯದೇ ಉತ್ತಮ ಎಂಬುದು ನನ್ನ ಖಚಿತ ಅಭಿಪ್ರಾಯ.

ಕೊಂಡ ದಿನವೇ ಮನೆಯಲ್ಲಿ ನೀರು ತುಂಬಿ, ನೆಲದ ಮೇಲೆ ಮಲಗಿಸಿ, ಅಂಗೈಯಿಂದ ಒತ್ತಿ ನೋಡಿ. ನಳಿಕೆ ಸೇರುವ ಜಾಗದಲ್ಲಿ ಒಂದು ಹನಿ ಜಿನುಗಿದರೂ ಹಿಂದಿರುಗಿಸಿ. ಈ ಪರೀಕ್ಷೆ ಮಾಡದೆ ಚಿಂಚೋಳಿಯ ಕಡೆ ನಡೆಯಲು ಹೋಗಿದ್ದ ನನ್ನ ಬ್ಯಾಗಿನಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ಎರಡೂ ನೆನೆದು ಮುದ್ದೆಯಾಗಿದ್ದವು. ಮಧ್ಯಾಹ್ನದ ಹೊತ್ತಿಗೆ ಅರ್ಧ ನೀರೂ ಉಳಿದಿರಲಿಲ್ಲ. ಕಚ್ಚುವ ವಾಲ್ವಿಗೆ ಬಂದ್ ಮಾಡುವ ಗುಂಡಿ ಇದ್ದರೆ, ಬ್ಯಾಗಿನ ಭಾರ ಅದರ ಮೇಲೆ ಬಿದ್ದಾಗಲೂ ನೀರು ಸೋರುವುದಿಲ್ಲ.

ನಳಿಕೆಯಲ್ಲಿ ನಿಂತ ನೀರು ಬಿಸಿಲಿಗೆ ಬೇಗ ಕಾಯುತ್ತದೆ. ಆದ್ದರಿಂದ ಬಟ್ಟೆಯ ಹೊದಿಕೆ ಇರುವ ನಳಿಕೆಯನ್ನು ಆರಿಸಿ. ಕುಡಿದ ಮೇಲೆ ಒಮ್ಮೆ ಊದಿದರೆ ನೀರು ಚೀಲಕ್ಕೆ ಮರಳಿ, ಮುಂದಿನ ಗುಟುಕು ತಂಪಾಗಿರುತ್ತದೆ. ಬೆನ್ನ ಹಿಂದಿನ ಚೀಲದಲ್ಲಿ ಎಷ್ಟು ಉಳಿದಿದೆ ಎಂಬುದು ಕಣ್ಣಿಗೆ ಕಾಣದ ಕಾರಣ, ಜೊತೆಗೊಂದು ತುಂಬಿದ ಬಾಟಲಿ ಇರಲೇಬೇಕು.

ಚೀಲಕ್ಕೆ ಬರಿಯ ನೀರನ್ನಷ್ಟೇ ಹಾಕಿ. ಶರಬತ್ತು, ಮಜ್ಜಿಗೆ ಹಾಕಿದರೆ ನಳಿಕೆಯೊಳಗೆ ಬೂಷ್ಟು ಹಿಡಿಯುತ್ತದೆ. ಮರಳಿ ಬಂದ ಮೇಲೆ ಉಗುರುಬೆಚ್ಚಗಿನ ನೀರಿಗೆ ಅಡುಗೆ ಸೋಡಾ ಬೆರೆಸಿ ತೊಳೆದು, ಒಳಮೈಗಳು ಅಂಟಿಕೊಳ್ಳದಂತೆ ನಡುವೆ ಶುಭ್ರವಾದ ಚಮಚೆಯೊಂದನ್ನು ಅಡ್ಡವಿರಿಸಿ, ನೆರಳಿನಲ್ಲಿ ತಲೆಕೆಳಗಾಗಿ ತೂಗುಹಾಕಿ.