ಒಂದೇ ಗೋಡೆಗೆ ಅಡುಗೆಮನೆ ಕೂರಿಸುವುದು ಹೇಗೆ?

20x30 ಸೈಟಿನ ಮನೆಯಲ್ಲಿ ಅಡುಗೆಗೆ ಅಂತ ಸಿಗುವುದು ಎಷ್ಟೋ ಸಲ ಒಂದೇ ಗೋಡೆ. ಎದುರಿನದು ಹಾಲ್‌ಗೋ ಬಾತ್‌ರೂಮಿಗೋ ಹೋಗಿರುತ್ತದೆ. ಅಷ್ಟರಲ್ಲೇ ಅಡುಗೆ ಆಗುತ್ತಾ? ಆರಾಮಾಗಿ ಆಗುತ್ತದೆ. ಆದರೆ ಮೇಸ್ತ್ರಿ ಕಟ್ಟೆ ಕಟ್ಟುವ ಮೊದಲು ನೀವು ಟೇಪ್ ಹಿಡಿದು ಆ ಗೋಡೆ ಮುಂದೆ ಅರ್ಧ ಗಂಟೆ ನಿಲ್ಲಬೇಕು.

ಮೊದಲು ಸಿಂಕ್ ಎಲ್ಲಿ ಅಂತ ತೀರ್ಮಾನ ಮಾಡಿ. ಒಲೆಯನ್ನು ಎಲ್ಲಿ ಬೇಕಾದರೂ ಇಡಬಹುದು, ನೀರು ಹೋಗುವ ಪೈಪ್ ಹಾಗಲ್ಲ, ಅದಕ್ಕೆ ಇಳಿಜಾರು ಬೇಕು, ಉದ್ದ ಎಳೆದಷ್ಟೂ ಕಟ್ಟಿಕೊಳ್ಳುವುದು ಜಾಸ್ತಿ. ಹಾಗಾಗಿ ಹೊರಗಿನ ಪೈಪ್ ಇರುವ ಕಡೆ ಸಿಂಕ್, ಇನ್ನೊಂದು ತುದಿಗೆ ಒಲೆ. ವಾಸ್ತು ನೋಡುವವರು ಒಲೆ ಆಗ್ನೇಯದಲ್ಲಿರಲಿ, ಪೂರ್ವಕ್ಕೆ ಮುಖ ಮಾಡಿ ಅಡುಗೆ ಮಾಡಿ ಅಂತಾರೆ. ನಿಮ್ಮದು ಪೂರ್ವದ ಗೋಡೆಯಾದರೆ ಬಲತುದಿಯೇ ಆಗ್ನೇಯ, ತಕರಾರಿಲ್ಲ. ಬೇರೆ ಗೋಡೆಯಾದರೆ ನನ್ನ ಓಟು ಪೈಪಿಗೇ.

ಈಗ ಮುಖ್ಯ ವಿಷಯ. ಸಿಂಕಿಗೂ ಒಲೆಗೂ ನಡುವೆ 3 ಅಡಿ ಖಾಲಿ ಕಟ್ಟೆ ಬಿಡಿ. ತರಕಾರಿ ಹೆಚ್ಚುವುದು, ಚಪಾತಿ ಲಟ್ಟಿಸುವುದು, ಕುಕ್ಕರ್ ಇಳಿಸಿಡುವುದು ಎಲ್ಲ ಅಲ್ಲೇ. ನಾವು ಮೊದಲಿದ್ದ ಬಾಡಿಗೆ ಮನೆಯಲ್ಲಿ ಒಲೆ ಸಿಂಕಿಗೆ ಅಂಟಿಕೊಂಡೇ ಇತ್ತು. ಒಗ್ಗರಣೆಗೆ ಎಣ್ಣೆ ಕಾಯುವಾಗ ಯಾರಾದರೂ ನಲ್ಲಿ ತಿರುಗಿಸಿದರೆ ಹನಿ ಹಾರಿ ಬಾಣಲೆಗೆ ಬಿದ್ದು ಚಟಪಟ ಸಿಡಿಯುತ್ತಿತ್ತು, ಈರುಳ್ಳಿ ಹೆಚ್ಚುವುದಕ್ಕೆ ಹಾಲ್‌ನಲ್ಲಿ ನೆಲದ ಮೇಲೆ ಕೂರಬೇಕಿತ್ತು.

ಲೆಕ್ಕ ನೋಡಿ. ಗೋಡೆ 9 ಅಡಿ, ಅಂದರೆ 108 ಇಂಚು. ತೊಳೆದ ಪಾತ್ರೆ ಇಡುವುದಕ್ಕೆ 12, ಸಿಂಕಿಗೆ 24, ಕೆಲಸದ ಜಾಗ 36, ಮೂರು ಬರ್ನರ್ ಒಲೆಗೆ 28, ಬಾಣಲೆ ಹಿಡಿ ಪಕ್ಕದ ಗೋಡೆಗೆ ತಾಗದಂತೆ ಕೊನೆಗೆ 8. ಮುಗಿಯಿತು! ಫ್ರಿಜ್ ಎಲ್ಲಿ? ಹಾಲ್‌ನ ಮೂಲೆಗೆ ಕಳಿಸಿ, ಬೇಜಾರಿಲ್ಲ. ಅದಕ್ಕೋಸ್ಕರ ಕೆಲಸದ ಜಾಗ ತಿಂದರೆ ದಿನಾ ಬೈದುಕೊಳ್ಳುತ್ತೀರಿ. ಗೋಡೆ ಇನ್ನೂ ಚಿಕ್ಕದಾದರೆ ಎರಡು ಬರ್ನರ್ ಒಲೆ, ಚಿಕ್ಕ ಸಿಂಕ್ ಸಾಕು.

ಕಟ್ಟೆಯ ಅಗಲ 24 ಇಂಚು. ಎತ್ತರವನ್ನು ಮಾತ್ರ ಮೇಸ್ತ್ರಿಗೆ ಬಿಡಬೇಡಿ, ಅವರು ಎಲ್ಲರಿಗೂ ಒಂದೇ ಅಳತೆ ಹಾಕುತ್ತಾರೆ. ಅಡುಗೆ ಮಾಡುವವರು ನಿಂತು ಮೊಣಕೈ ಮಡಚಲಿ, ಅಲ್ಲಿಂದ 4-5 ಇಂಚು ಕೆಳಗೆ ಕಟ್ಟೆ ಬಂದರೆ ಸರಿ. ಮನೆಯಲ್ಲಿ ಮುದ್ದೆ ಮಾಡುತ್ತೀರಾ? ಹಾಗಾದರೆ ಒಲೆ ಇರುವ ಭಾಗವನ್ನು ಇನ್ನೂ 3-4 ಇಂಚು ತಗ್ಗಿಸಿ. ಒಲೆ ಮೇಲೆ ಪಾತ್ರೆ, ಪಾತ್ರೆ ಮೇಲೆ ಕೋಲು, ಭುಜ ಎತ್ತಿಕೊಂಡು ತಿರುವಿದರೆ ತೋಳು ಸೋತು ಹೋಗುತ್ತದೆ.

ಸಿಲಿಂಡರ್ ಕಟ್ಟೆ ಕೆಳಗೇ ಇರುವುದಾದರೆ ಅಷ್ಟು ಜಾಗದಲ್ಲಿ ಕಡಪ ಕಲ್ಲಿನ ಶೆಲ್ಫ್ ಬೇಡ. ಬಾಗಿಲು ಹಾಕಿಸಿದರೆ ತಳದಲ್ಲಿ ಗಾಳಿ ಕಿಂಡಿ ಇರಲೇಬೇಕು, ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ಕೂರುತ್ತದೆ. ರಬ್ಬರ್ ಟ್ಯೂಬ್ 1.5 ಮೀಟರಿಗಿಂತ ಉದ್ದ ಬೇಡ.

ಕಿಟಕಿ ಸಿಂಕಿನ ಎದುರು ಬಂದರೆ ಚೆಂದ. ಒಲೆ ಎದುರು ಬಂದರೆ ಗಾಳಿಗೆ ಉರಿ ಅಲುಗಾಡುತ್ತಲೇ ಇರುತ್ತದೆ. ಮಿಕ್ಸಿ ಪ್ಲಗ್ ಕೆಲಸದ ಜಾಗದ ಮೇಲೆ ಬರಲಿ, ಸಿಂಕಿನ ಮೇಲೂ ಬೇಡ, ಒಲೆ ಮೇಲೂ ಬೇಡ. ಓವನ್ ತರುವ ಆಸೆಯಿದ್ದರೆ ಈಗಲೇ ಒಂದು 16 ಆಂಪಿಯರ್ ಪಾಯಿಂಟ್ ಹಾಕಿಸಿ, ಟೈಲ್ಸ್ ಆದ ಮೇಲೆ ಗೋಡೆ ಕೊರೆಯುವ ಕಷ್ಟ ಯಾಕೆ. ಮೇಲಿನ ಕಬೋರ್ಡ್ ಕಟ್ಟೆಯಿಂದ 2 ಅಡಿ ಎತ್ತರದಲ್ಲಿ, ಒಳಗೆ 12 ಇಂಚು ಆಳ ಸಾಕು, ಜಾಸ್ತಿಯಾದರೆ ತಲೆಗೆ ಬಡಿಯುತ್ತದೆ. ಒಲೆ ನೇರಕ್ಕೆ ಕಬೋರ್ಡ್ ಬೇಡ, ಚಿಮಣಿಗೋ ಎಕ್ಸಾಸ್ಟ್ ಫ್ಯಾನಿಗೋ ಬಿಡಿ. ಗ್ರೈಂಡರ್ ಕಟ್ಟೆ ಮೇಲೆ ಬೇಡ, ವಾರಕ್ಕೊಂದು ದಿನ ದೋಸೆ ಹಿಟ್ಟಿಗೆ ಅಂತ ಏಳು ದಿನ ಜಾಗ ಹಿಡಿಯುತ್ತದೆ.

ಎಲ್ಲ ಅಳತೆಯಾದ ಮೇಲೆ ಗೋಡೆ ಮೇಲೆ ಚಾಕ್‌ಪೀಸಿನಲ್ಲಿ ಗೀಚಿ, ಕಟ್ಟೆಯ ಅಗಲಕ್ಕೆ ನೆಲದ ಮೇಲೂ ಒಂದು ಗೆರೆ ಹಾಕಿ. ಆ ಗೆರೆಯಿಂದ ಎದುರಿನ ಗೋಡೆಗೆ 3 ಅಡಿ ಉಳಿಯಿತಾ? ಸುಮ್ನೆ ಒಂದು ಸಲ ಅಲ್ಲಿ ನಿಂತು ಸಾರು ಮಾಡಿದ ಹಾಗೆ ಕೈ ಆಡಿಸಿ ನೋಡಿ. ಮೇಸ್ತ್ರಿ ನಗಬಹುದು, ನಗಲಿ ಬಿಡಿ.