ಪ್ರೈಮರ್ ಮುಖ ನೋಡಿ ಮೋಸಹೋದವನ ಲೆಕ್ಕ

ಪ್ರೈಮರ್ (ತೋಟಾದ ಬುಡದಲ್ಲಿ ಮದ್ದಿಗೆ ಕಿಡಿ ಕೊಡುವ ಪುಟ್ಟ ಲೋಹದ ಬಟ್ಟಲು) ಹೊಡೆದ ಮೇಲೆ ಚಪ್ಪಟೆಯಾದರೆ ತೋಟಾದೊಳಗಿನ ಒತ್ತಡ ಜಾಸ್ತಿ, ಅಂಚು ಗುಂಡಗಿದ್ದರೆ ಕ್ಷೇಮ. ಹೊಡೆದ ಕೇಸಿಗೆ (ತೋಟಾದ ಹಿತ್ತಾಳೆ ಚಿಪ್ಪು) ಮತ್ತೆ ಮದ್ದು, ಗುಂಡು ಹಾಕಿ ತೋಟಾ ತುಂಬುವವರೆಲ್ಲ ಪಠಿಸುವ ಈ ಮಂತ್ರವನ್ನು ನಾನೂ ನಾಲ್ಕು ವರ್ಷ ಪಠಿಸಿದೆ, ಕೈ ಸುಟ್ಟುಕೊಂಡೆ.

ನನ್ನದು .308 ತೋಟಾದ ಬೋಲ್ಟ್ ರೈಫಲ್ (ಬೋಲ್ಟ್ ಎಂದರೆ ತೋಟಾದ ಹಿಂಬದಿ ಮುಚ್ಚುವ, ಕೈಯಲ್ಲಿ ಎತ್ತಿ ಎಳೆಯುವ ಉಕ್ಕಿನ ದಂಡ). ಮಿಲಿಟರಿ ಕೇಸುಗಳು ಒಂದು ಚೀಲ ಪುಕ್ಕಟೆ ಸಿಕ್ಕಿದ್ದವು. 168 ಗ್ರೇನ್ (ಸುಮಾರು 11 ಗ್ರಾಂ) ಗುಂಡಿಗೆ ತೋಟಾ ತುಂಬುವ ಪುಸ್ತಕದ ಗರಿಷ್ಠ ಅಳತೆಯ ಮದ್ದನ್ನೇ ಹಾಕಿದೆ. ಪ್ರೈಮರ್ ಮುದ್ದಾಗಿತ್ತು, ಬೋಲ್ಟ್ ಬೆಣ್ಣೆಯ ಹಾಗೆ ಎದ್ದಿತು. ಮೂರನೆಯ ಸಲ ತುಂಬುವಾಗ ಹೊಸ ಪ್ರೈಮರ್ ಹೆಬ್ಬೆರಳಿಗೇ ಒಳಗೆ ಹೋಯಿತು. ಪ್ರೈಮರ್ ಕೂರುವ ಪಾಕೆಟ್ಟುಗಳೆಲ್ಲ ಒತ್ತಡಕ್ಕೆ ಹಿಗ್ಗಿ ಸಡಿಲ! ನಲವತ್ತು ಚಿಲ್ಲರೆ ಕೇಸು ಗುಜರಿಗೆ. ಆ ಕೇಸುಗಳ ಗೋಡೆ ದಪ್ಪ. ನೀರು ತುಂಬಿ ತೂಗಿದರೆ ಸಾಮಾನ್ಯ ಕೇಸಿಗಿಂತ ಒಂದೂವರೆ ಎರಡು ಗ್ರೇನ್ ಕಡಿಮೆ ಹಿಡಿಯುತ್ತಿದ್ದವು. ಒಳಗೆ ಜಾಗ ಕಡಿಮೆಯಾದರೆ ಅಷ್ಟೇ ಮದ್ದಿಗೂ ಒತ್ತಡ ಏರುತ್ತದೆ. ಮಿಕ್ಕವನ್ನು ತೂಗಿ ನೋಡಿದ್ದು ಆ ನಲವತ್ತು ಎಸೆದ ಮೇಲೆ, ಬಿಡಿ.

ಆಮೇಲೆ ಇದರ ತಿರುಗುಮುರುಗು. ಕನಿಷ್ಠ ಅಳತೆಯ ಮದ್ದಿಗೇ ಪ್ರೈಮರ್ ರೊಟ್ಟಿಯಂತೆ ಚಪ್ಪಟೆ. ಹೆದರಿ ಇನ್ನೂ ಇಳಿಸಿದೆ, ಆಗಲೂ ಚಪ್ಪಟೆಯೇ. ಒಂದು ಇಡೀ ಪೆಟ್ಟಿಗೆ ಪ್ರೈಮರ್ ಹೀಗೇ ಮುಗಿಸಿದ ಮೇಲೆ ಗೊತ್ತಾಯಿತು: ಹೊಡೆದ ಕೇಸನ್ನು ಮತ್ತೆ ಅಳತೆಗೆ ಒತ್ತುವ ಅಚ್ಚನ್ನು (ಸೈಜಿಂಗ್ ಡೈ) ತೀರಾ ಕೆಳಗಿಳಿಸಿ ಕೇಸಿನ ಭುಜವನ್ನು ಹಿಂದಕ್ಕೆ ತಳ್ಳಿದ್ದೆ. ಹೊಡೆತಕ್ಕೆ ಪ್ರೈಮರ್ ಹಿಂದೆ ಸರಿಯುತ್ತಿತ್ತು, ಕೇಸು ಬಂದು ಅದನ್ನು ಬೋಲ್ಟಿಗೆ ಅಪ್ಪಳಿಸುತ್ತಿತ್ತು. ಮಿತಿ ಮೀರಿದ ಒತ್ತಡದ ಪಾತ್ರ ಇದರಲ್ಲಿ ಏನೂ ಇರಲಿಲ್ಲ.

ಆಗ ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಕೊಂಡೆ. "ಆ ದುಡ್ಡಿಗೆ ಒಳ್ಳೇ ಸ್ಕೋಪ್ ಬರ್ತಿತ್ತಲ್ಲೋ, ಪ್ರೈಮರ್ ನೋಡೋಕೆ ಕಣ್ಣಿಲ್ವಾ ನಿಂಗೆ" ಅಂತ ಗೆಳೆಯರು ನಕ್ಕರು. ಉಳಿದಿದ್ದ ಮಿಲಿಟರಿ ಕೇಸಿನ ಹಳೇ ತೋಟಾಗಳಲ್ಲಿ ಮೂರನ್ನು ಹೊಡೆದೆ. ಸೆಕೆಂಡಿಗೆ 2,790 ಅಡಿಯ ಆಸುಪಾಸು. ಪುಸ್ತಕದ ಗರಿಷ್ಠ ವೇಗ 2,700ರ ಹತ್ತಿರ, ಅದೂ 24 ಇಂಚಿನ ನಳಿಗೆಗೆ. ನನ್ನದು 22, ವೇಗ ಇನ್ನೂ ಕಡಿಮೆ ಇರಬೇಕಿತ್ತು. ಆ ಹೆಚ್ಚುವರಿ ತೊಂಬತ್ತು ಅಡಿ ಎಲ್ಲಿಂದ ಬಂತು, ಒತ್ತಡದಿಂದಲೇ ತಾನೆ, ಅಂತ ಯೋಚಿಸಿದಾಗ ಬೆವರಿದೆ. ಮಿಕ್ಕವನ್ನು ಅವತ್ತೇ ಬಿಚ್ಚಿಹಾಕಿದೆ.

ಈಗ ಮಾಡುವುದು ಇಷ್ಟೇ. ಗರಿಷ್ಠಕ್ಕಿಂತ ಶೇ. 10 ಕೆಳಗಿಂದ ಹತ್ತುತ್ತೇನೆ. ಪುಸ್ತಕದ ನಳಿಗೆಗಿಂತ ನನ್ನದು ಗಿಡ್ಡವಿರುವ ಇಂಚಿಗೆ ಇಪ್ಪತ್ತು ಇಪ್ಪತ್ತೈದು ಅಡಿ ಕಳೆದು ಪುಸ್ತಕದ ವೇಗ ಮುಟ್ಟಿದರೆ ಅಲ್ಲಿಗೆ ಸಾಕು, ಮದ್ದು ಎಷ್ಟೇ ಕಡಿಮೆ ಇರಲಿ. ವೇಗ ಬಾರದೆ ಪುಸ್ತಕದ ಗರಿಷ್ಠ ಮದ್ದು ಮೊದಲು ಬಂದರೂ ಸಾಕು. ನಂತರ ಐದೇ ಕೇಸುಗಳನ್ನು ಅದೇ ಲೋಡಿನಲ್ಲಿ ಮತ್ತೆ ಮತ್ತೆ ಹೊಡೆಯುತ್ತೇನೆ. ಪಾಕೆಟ್ಟು ನಾಲ್ಕೈದು ಸಲಕ್ಕೇ ಸಡಿಲವಾದರೆ ಲೋಡು ಬಿಸಿ, ಅಂದರೆ ಒತ್ತಡ ಜಾಸ್ತಿ. ಪಾಕೆಟ್ಟು ಅಳೆಯಲು ನಾನೇ ಅರೆದುಕೊಂಡ ಉಕ್ಕಿನ ಪಿನ್ ಇದೆ. ಅದರ ಅಳತೆ ಸದ್ಯ ನನ್ನಲ್ಲೇ ಇರಲಿ. ಈಗಿನ ಕೇಸುಗಳು ಹನ್ನೊಂದು ಸಲ ದಾಟಿವೆ, ನಕ್ಕವರದ್ದು ಐದಾರಕ್ಕೇ ಮುಗಿಯುತ್ತಿದೆ.

ಮಧ್ಯೆ ಮೈಕ್ರೋಮೀಟರ್ ಹಿಡಿದು ಕೇಸಿನ ಬುಡ ಎಷ್ಟು ಉಬ್ಬಿತು ಎಂದೂ ಅಳೆದೆ. ಒಂದೇ ಡಬ್ಬದ ಕೇಸುಗಳ ನಡುವಿನ ವ್ಯತ್ಯಾಸವೇ ಉಬ್ಬಿಗಿಂತ ದೊಡ್ಡದು, ಬಿಟ್ಟೆ. ಹತ್ತು ತೋಟಾಗಳನ್ನು ಅರ್ಧ ಗಂಟೆ ಬಿಸಿಲಿಗಿಟ್ಟೆ. ಬಾಲ್ ಪೌಡರಿನ (ಗುಂಡು ಕಾಳಿನ ಮದ್ದು) ತೋಟಾಗಳ ವೇಗ ಸೆಕೆಂಡಿಗೆ ನಲವತ್ತೈದು ಅಡಿಯಷ್ಟು ಜಿಗಿಯಿತು. ಅಂದಿನಿಂದ ಲೋಡು ಪರೀಕ್ಷೆ ಸೆಕೆಯ ದಿನವೇ.

ಗೆಳೆಯನೊಬ್ಬ .30-30 ಲಿವರ್ ರೈಫಲ್‌ಗೂ ಪ್ರೈಮರನ್ನೇ ನೋಡುತ್ತಾನೆ. ಅದರ ಒತ್ತಡದ ಮಿತಿ (ಚದರ ಇಂಚಿಗೆ ಪೌಂಡ್ ಲೆಕ್ಕದಲ್ಲಿ) 42,000 ಪಿಎಸ್‌ಐ, .308ರದ್ದು 62,000. ಕೇಸು, ಪ್ರೈಮರ್‌ಗಳ ಲೋಹ ಒತ್ತಡದ ಗುರುತು ತೋರಿಸುವುದು ಸಾಮಾನ್ಯವಾಗಿ ಈ ಎರಡನೆಯದರ ಮಿತಿಯೂ ದಾಟಿದ ಮೇಲೆ. ಒತ್ತಡಕ್ಕೆ ಪ್ರೈಮರ್ ಚಪ್ಪಟೆಯಾಗುವ ಹೊತ್ತಿಗೆ ಅವನ ಬಂದೂಕು ಎಂದೋ ಎಲ್ಲೆ ಮೀರಿರುತ್ತದೆ ಅಂತ ಹೇಳಿದೆ, ಕೇಳಲಿಲ್ಲ.

ಸದ್ಯ ಅಪ್ಪಟ ತಾಮ್ರದ ಗುಂಡಿಗೆ ಇಳಿದಿದ್ದೇನೆ. ಅದೇ ತೂಕಕ್ಕೆ ಇದು ಸೀಸದ ಗುಂಡಿಗಿಂತ ಉದ್ದ, ಕೇಸಿನೊಳಗಿನ ಜಾಗ ತಿನ್ನುತ್ತದೆ. ಹಾಗಾಗಿ ಮತ್ತೆ ಬುಡದಿಂದ. ಇಲ್ಲಿಯವರೆಗೆ ಎರಡು ಮೆಟ್ಟಿಲು ಹತ್ತಿಯಾಗಿದೆ.