ಲ್ಯಾಬ್ ಕಂಪ್ಯೂಟರ್‌ಗಳಲ್ಲಿ ಐಪಿ ಬದಲಾವಣೆಗೆ ಕಡಿವಾಣ ಹಾಕಿದ್ದು ಹೀಗೆ

ಕಾಲೇಜು ಲ್ಯಾಬಿನಲ್ಲಿ ಒಂದೇ ಕಂಪ್ಯೂಟರನ್ನು ಹಲವರು ಬಳಸುತ್ತಾರೆ. ಫೈರ್‌ವಾಲ್ ನಿರ್ಬಂಧ ತಪ್ಪಿಸಿಕೊಳ್ಳಲು ಯಾರಾದರೂ ಸಿಬ್ಬಂದಿಯ ಐಪಿಯನ್ನು, ಅಂದರೆ ನೆಟ್‌ವರ್ಕ್‌ನಲ್ಲಿ ಅವರ ಕಂಪ್ಯೂಟರಿನ ವಿಳಾಸವನ್ನು, ತಾವೇ ಹಾಕಿಕೊಂಡರೆ, ಆ ಸಿಬ್ಬಂದಿಯ ನೆಟ್‌ವರ್ಕ್ ಕೈಕೊಡುತ್ತದೆ. ಲಾಗ್‌ನಲ್ಲೂ ಅವರದೇ ವಿಳಾಸ ಬೀಳುತ್ತದೆ. ಇದು ಸಣ್ಣ ವಿಷಯವಲ್ಲ.

ವಿಂಡೋಸ್‌ನಲ್ಲಿ ಎಲ್ಲರಿಗೂ ಸ್ಟ್ಯಾಂಡರ್ಡ್ ಯೂಸರ್ ಖಾತೆ ಕೊಟ್ಟೆ. ನೆಟ್‌ವರ್ಕ್ ಕಾನ್ಫಿಗರೇಶನ್ ಆಪರೇಟರ್ಸ್ ಗುಂಪನ್ನೂ ಖಾಲಿ ಮಾಡಿದೆ. ಅದರಲ್ಲಿ ಹೆಸರಿದ್ದವರು ಅಡ್ಮಿನ್ ಅಲ್ಲದಿದ್ದರೂ ಐಪಿ ಬದಲಿಸಬಲ್ಲರು. ಹಳೆಯ ಸಾಫ್ಟ್‌ವೇರ್ ಅಡ್ಮಿನ್ ಹಕ್ಕು ಕೇಳಿದರೆ ಅದರ ಫೋಲ್ಡರಿಗಷ್ಟೇ ಬರೆಯುವ ಅನುಮತಿ ಕೊಟ್ಟು ನೋಡಿ, ಬಹಳಷ್ಟು ಸಲ ಅಷ್ಟೇ ಸಾಕಾಗುತ್ತದೆ. ಬಯಾಸ್‌ಗೆ (ಕಂಪ್ಯೂಟರ್ ಶುರುವಾಗುವಾಗ ಮೊದಲು ಓಡುವ ತಂತ್ರಾಂಶ) ಪಾಸ್‌ವರ್ಡ್ ಹಾಕಿ, ಯುಎಸ್‌ಬಿ ಬೂಟ್ ನಿಲ್ಲಿಸಿದೆ. ಇಲ್ಲದಿದ್ದರೆ ಪೆನ್‌ಡ್ರೈವಿನಿಂದ ಲಿನಕ್ಸ್ ಬೂಟ್ ಮಾಡಿದವರಿಗೆ ಇವು ಯಾವುವೂ ಅಡ್ಡಿಯಾಗವು.

ಆದರೆ ನಿಜವಾದ ಬೀಗ ಇರಬೇಕಾದ್ದು ಲ್ಯಾಬಿನ ಕೇಬಲ್ಲುಗಳೆಲ್ಲ ಬಂದು ಸೇರುವ ಸ್ವಿಚ್ಚಿನಲ್ಲಿ. ನಮ್ಮದು ಸಿಸ್ಕೊ ಮ್ಯಾನೇಜ್ಡ್ ಸ್ವಿಚ್, ಅಂದರೆ ಸೆಟ್ಟಿಂಗ್ ಬದಲಿಸಬಹುದಾದದ್ದು. ಅದರಲ್ಲಿ ಮೊದಲು ಡಿಎಚ್‌ಸಿಪಿ ಸ್ನೂಪಿಂಗ್, ಅಂದರೆ ಕಂಪ್ಯೂಟರ್‌ಗಳಿಗೆ ತಾನಾಗಿ ಐಪಿ ಹಂಚುವ ಡಿಎಚ್‌ಸಿಪಿ ಸರ್ವರಿನ ಮಾತುಕತೆಯ ಮೇಲೆ ಸ್ವಿಚ್ ಕಣ್ಣಿಡುವುದು: ಲ್ಯಾಬಿನ ವಿಲ್ಯಾನ್‌ಗೆ (ಸ್ವಿಚ್ಚಿನೊಳಗೆ ಬೇರ್ಪಡಿಸಿದ ನೆಟ್‌ವರ್ಕ್) ಅದನ್ನು ಚಾಲೂ ಮಾಡಿ, ಸರ್ವರ್ ಕಡೆಗಿನ ಅಪ್‌ಲಿಂಕ್ ಪೋರ್ಟನ್ನು ಮಾತ್ರ ಟ್ರಸ್ಟ್ ಮಾಡಬೇಕು, ಅಂದರೆ ನಂಬಿಕಸ್ಥ ಎಂದು ಗುರುತಿಸಬೇಕು. ಯಾವ ಪೋರ್ಟಿನಲ್ಲಿ ಯಾವ ಮ್ಯಾಕ್‌ಗೆ (ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ) ಯಾವ ಐಪಿ ಸಿಕ್ಕಿತು ಎಂಬ ಬೈಂಡಿಂಗ್ ಪಟ್ಟಿಯನ್ನು ಸ್ವಿಚ್ ತಾನೇ ಕಟ್ಟುತ್ತದೆ. ಎಲ್ಲ ಕಂಪ್ಯೂಟರ್‌ಗಳೂ ಲೀಸ್ (ಸರ್ವರ್ ಇಂತಿಷ್ಟು ಕಾಲಕ್ಕೆ ಕೊಟ್ಟ ಐಪಿ) ನವೀಕರಿಸಿ, ಪಟ್ಟಿ ತುಂಬಿದ ಮೇಲಷ್ಟೇ ಐಪಿ ಸೋರ್ಸ್ ಗಾರ್ಡ್ ಮತ್ತು ಡೈನಮಿಕ್ ಎಆರ್‌ಪಿ ಇನ್‌ಸ್ಪೆಕ್ಷನ್ ಹಾಕಿ. ಮೊದಲನೆಯದು ಪಟ್ಟಿಗೆ ಹೊಂದದ ಐಪಿಯಿಂದ ಬರುವ ಡೇಟಾವನ್ನು ತಡೆಯುತ್ತದೆ; ಎರಡನೆಯದು ಪಟ್ಟಿಗೆ ಹೊಂದದ ಎಆರ್‌ಪಿಯನ್ನು, ಅಂದರೆ ಯಾವ ಐಪಿ ಯಾವ ಮ್ಯಾಕ್‌ನದು ಎಂದು ಕೇಳುವ-ಹೇಳುವ ಸಂದೇಶವನ್ನು, ತಡೆಯುತ್ತದೆ. ಅವಸರ ಮಾಡಿದರೆ ಇಡೀ ಲ್ಯಾಬ್ ಕಡಿದುಹೋಗುತ್ತದೆ. ಇನ್‌ಸ್ಪೆಕ್ಷನ್‌ಗೂ ಅಪ್‌ಲಿಂಕನ್ನು ಪ್ರತ್ಯೇಕವಾಗಿ ಟ್ರಸ್ಟ್ ಮಾಡಬೇಕು. ಸ್ನೂಪಿಂಗ್‌ಗೆ ಮಾಡಿದ್ದು ಇದಕ್ಕೆ ಅನ್ವಯಿಸದು.

ಕೈಕೊಡುವ ಜಾಗಗಳು ಇವು. ಸ್ನೂಪಿಂಗ್ ಹಾಕಿದ ಕೂಡಲೇ ಯಾರಿಗೂ ಐಪಿ ಸಿಗದೆ 169.254 ಎಂದು ಶುರುವಾಗುವ ವಿಳಾಸ ಕಂಡರೆ ಟ್ರಸ್ಟ್ ಪೋರ್ಟ್ ನೋಡಿ. ಅದು ಸರಿಯಿದ್ದರೆ ಆಪ್ಷನ್ 82 ನೋಡಿ, ಇದು ಕೋರಿಕೆ ಯಾವ ಪೋರ್ಟಿನಿಂದ ಬಂತು ಎಂಬ ಗುರುತು. ಸ್ವಿಚ್ ಅದನ್ನು ತಾನಾಗಿ ಸೇರಿಸುತ್ತದೆ, ಕೆಲವು ಡಿಎಚ್‌ಸಿಪಿ ಸರ್ವರ್‌ಗಳು ಅಂಥ ಕೋರಿಕೆಯನ್ನು ಬಿಸಾಕುತ್ತವೆ. ಪ್ರಿಂಟರ್‌ಗೆ ಸ್ಥಿರ ಐಪಿ ಇದ್ದರೆ ಪಟ್ಟಿಯಲ್ಲಿ ಬರುವುದಿಲ್ಲ; ಅದಕ್ಕೆ ಡಿಎಚ್‌ಸಿಪಿ ರಿಸರ್ವೇಶನ್ ಕೊಡುವುದೇ, ಅಂದರೆ ಸರ್ವರ್ ಪ್ರತಿ ಸಲ ಅದೇ ಐಪಿ ಕೊಡುವಂತೆ ಕಾದಿರಿಸುವುದೇ ಒಳ್ಳೆಯದು. ಕರೆಂಟ್ ಹೋಗಿ ಸ್ವಿಚ್ ಮತ್ತೆ ಏಳುವಾಗ ಪಟ್ಟಿ ಅಳಿಸಿರುತ್ತದೆ, ಹಾಗಾಗಿ ಅದನ್ನು ಸ್ವಿಚ್ಚಿನ ಫ್ಲ್ಯಾಶ್‌ ಮೆಮರಿಗೋ ಟಿಎಫ್‌ಟಿಪಿ ಸರ್ವರಿಗೋ (ನೆಟ್‌ವರ್ಕ್ ಮೂಲಕ ಫೈಲ್ ಇಡುವ ಸರಳ ಸರ್ವರ್) ಉಳಿಸುವಂತೆ ಮಾಡಿ. ಯುಪಿಎಸ್ ಇಲ್ಲದ ಕಡೆ ಇದನ್ನು ಮರೆಯಲೇಬಾರದು.

ಪರೀಕ್ಷೆಗೆ ಅಡ್ಮಿನ್ ಖಾತೆಯಿಂದ ಒಂದು ಕಂಪ್ಯೂಟರಿಗೆ ಯಾರೂ ಬಳಸದ ಐಪಿ ಹಾಕಿ ಗೇಟ್‌ವೇಗೆ (ಲ್ಯಾಬಿನಿಂದ ಹೊರಗಿನ ನೆಟ್‌ವರ್ಕಿಗೆ ದಾರಿ ಕೊಡುವ ಸಾಧನ) ಪಿಂಗ್ ಮಾಡಿ, ಅಂದರೆ ಪರೀಕ್ಷಾ ಸಂದೇಶ ಕಳಿಸಿ. ಉತ್ತರ ಬರಬಾರದು. ಸ್ವಿಚ್ ಲಾಗ್‌ನಲ್ಲಿ ಅಮಾನ್ಯ ಎಆರ್‌ಪಿ ಎಂಬ ಸಾಲಿನೊಂದಿಗೆ ಪೋರ್ಟ್ ಸಂಖ್ಯೆ, ಮ್ಯಾಕ್, ಹಾಕಿದ ಐಪಿ ಮೂರೂ ಕಾಣುತ್ತವೆ. ಯಾವ ಪೋರ್ಟ್ ಯಾವ ಮೇಜಿನದು ಎಂದು ಕೇಬಲ್ಲಿಗೆ ಚೀಟಿ ಅಂಟಿಸಿಟ್ಟರೆ ನೇರವಾಗಿ ಆ ಮೇಜಿಗೇ ಹೋಗಬಹುದು.